ಗದ್ದಲವನ್ನು ಮರಳಿ ಕೊಟ್ಟ ಮುಫೀದಾ ಮೇಡಂ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ವೈದ್ಯ ಮಹನೀಯರೇ, ಮಹ್ದಿಯಾ ಬಂದರಿನ ನನ್ನ ದೋಣಿಗಾರ ಬಂಧುಗಳೇ, ಮೀನು ಕೊಳ್ಳುವಾಗ ಮಾತ್ರ ನನ್ನನ್ನು ಬೈಯುವ ತಾಯಂದಿರೇ, ಇಂದು ಆಸ್ಪತ್ರೆಯ ಕೆಲಸದಿಂದ ನಿವೃತ್ತರಾಗುತ್ತಿರುವ ನಮ್ಮ ಮುಫೀದಾ ಮೇಡಂ ಅವರೇ, ಸಭಿಕರೇ,

ನನ್ನ ಹೆಸರು ಫರ್ಜಾನಿ. ಬಂದರಿನ ಮಾರುಕಟ್ಟೆಯಲ್ಲಿ ಮೀನಿನ ಹರಾಜು ಕೂಗುವವನು. ನನ್ನ ಕೈಗೆ ಮೈಕು ಕೊಟ್ಟಿದ್ದಾರೆ, ಅದರ ಅಗತ್ಯವಿರಲಿಲ್ಲ. ನನಗೆ ಗೊತ್ತಿರುವ ಭಾಷಣವೆಂದರೆ ಬುಟ್ಟಿಯ ಬೆಲೆ ಏರಿಸುವುದು. ಆದ್ದರಿಂದ ಮೇಡಂ ಅವರ ಗುಣಗಳನ್ನು ನಾನು ಒಂದಿಷ್ಟು ಏರಿಸಿ ಹೇಳಿದರೆ ಕಸುಬಿನ ಚಾಳಿ ಎಂದು ಮನ್ನಿಸಿ. ಆದರೆ ಇವತ್ತು ಹಾಗೆ ಏರಿಸುವ ಅವಶ್ಯಕತೆ ಇದೆಯೇ? ಇಲ್ಲವೆಂದು ನನ್ನ ನಂಬಿಕೆ.

ಹರಾಜು ಕೂಗುವುದು ಗಂಟಲಿನ ಕೆಲಸ ಎಂದು ನೀವು ತಿಳಿದಿರಬಹುದು. ಅಲ್ಲ, ಅದು ಕುತ್ತಿಗೆಯ ಕೆಲಸ. ಎಡಗಡೆ ಒಬ್ಬ ಹುಬ್ಬು ಹಾರಿಸುತ್ತಾನೆ. ಬಲಗಡೆ ಒಬ್ಬ ಬೆರಳು ಅಲ್ಲಾಡಿಸುತ್ತಾನೆ. ಬೆನ್ನ ಹಿಂದೆ ಒಬ್ಬ ಕೆಮ್ಮುತ್ತಾನೆ. ಅದು ನೆಗಡಿಯ ಕೆಮ್ಮೋ ಬೆಲೆ ಕಟ್ಟುವ ಕೆಮ್ಮೋ ಎಂದು ತಿರುಗಿ ನೋಡಬೇಕು. ಸುತ್ತ ಕೂಗಾಟ, ಐಸ್ ಒಡೆಯುವ ಸದ್ದು, ಒದ್ದೆ ನೆಲದ ಮೇಲೆ ಬಲ್ಬುಗಳ ಪ್ರತಿಫಲನ. ಅದರ ನಡುವೆ ನನ್ನ ತಂದೆ ನಿಂತಿದ್ದರು, ಅವರ ನಂತರ ನಾನು ನಿಂತೆ. ಆ ಜಾಗ ಬಿಟ್ಟರೆ ನಾನು ಯಾರು ಎಂದು ನನಗೇ ಗೊತ್ತಿರಲಿಲ್ಲ.

ಎರಡು ವರ್ಷದ ಕೆಳಗೆ, ಆಲಿವ್ ಕೊಯ್ಲಿನ ಕಾಲದಲ್ಲಿ, ನನ್ನ ತಂಗಿಯ ಮನೆಯ ಮದುವೆ ಊಟ ಮುಗಿಸಿಕೊಂಡು ಕ್ಸೂರ್ ಎಸ್ಸಾಫ್‌ನಿಂದ ಹಿಂತಿರುಗುತ್ತಿದ್ದೆವು. ಕಾರು ಓಡಿಸುತ್ತಿದ್ದವಳು ನನ್ನ ಮಗಳು ಸಿರೀನ್. ಆಗಷ್ಟೇ ಅವಳಿಗೆ ಲೈಸೆನ್ಸ್ ಸಿಕ್ಕಿತ್ತು, ಮುಂದಿನ ಶಾಲಾ ವರ್ಷದಿಂದ ಹಳ್ಳಿಯೊಂದರ ಶಾಲೆಯಲ್ಲಿ ಟೀಚರ್ ಕೆಲಸವೂ ಸಿಕ್ಕಿತ್ತು. ತೋಟದ ಅಡ್ಡದಾರಿಯಿಂದ ಚೀಲಗಳನ್ನು ಹೇರಿಕೊಂಡ ಟ್ರಕ್ಕೊಂದು ನೋಡದೆ ನುಗ್ಗಿ ಬಂತು. ನಮ್ಮ ಕಾರು ಗಿರ್ರನೆ ಸುತ್ತಿ ಮರಕ್ಕೆ ಬಡಿಯಿತು. ಸಿರೀನ್‌ಗೆ ಮೊಣಕೈ ತರಚಿತು. ಹಿಂದೆ ಕೂತಿದ್ದ ನನ್ನ ಹೆಂಡತಿ ಜಲೀಲಾಗೆ ಏನೂ ಆಗಲಿಲ್ಲ. ನನ್ನ ತಲೆ ಕಿಟಕಿಗೆ ಬಡಿದಿತ್ತು, ಒಂದು ಹನಿ ರಕ್ತವೂ ಬರಲಿಲ್ಲ. ತಪ್ಪು ಟ್ರಕ್ಕಿನವನದೆಂದು ಪೊಲೀಸರೂ ಹೇಳಿದರು, ಅವನೂ ಒಪ್ಪಿಕೊಂಡ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಎಲ್ಲ ಸರಿಯಿದೆ. "ಇದು ಕನ್ಕಷನ್. ಮೆದುಳು ಒಳಗೇ ಅಲುಗಾಡಿದೆ. ಒಂದೆರಡು ದಿನ ವಿಶ್ರಾಂತಿ ತಗೊಳ್ಳಿ, ಆಮೇಲೂ ಕಡಿಮೆಯಾಗದಿದ್ರೆ ತಪ್ಪದೆ ಬನ್ನಿ," ಎಂದರು ವೈದ್ಯರು. ನಾನು ಮೊದಲರ್ಧ ಮಾತ್ರ ಕೇಳಿಸಿಕೊಂಡೆ.

ಸಭಿಕರೇ, ನಿಮ್ಮಲ್ಲಿ ಯಾರಾದರೂ ಚಮಚೆಯ ಸದ್ದಿಗೆ ಅತ್ತಿದ್ದೀರಾ? ನಾನು ಅತ್ತಿದ್ದೇನೆ. ಚಹಾದ ಲೋಟದಲ್ಲಿ ಜಲೀಲಾ ಸಕ್ಕರೆ ಕದಡಿದರೆ ನನ್ನ ತಲೆಯೊಳಗೆ ಯಾರೋ ತಗಡು ಬಡಿದಂತಾಗುತ್ತಿತ್ತು. ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ತಲೆ ಹೊರಳಿಸಿದರೆ ಗೋಡೆಯೂ ಹೊರಳುತ್ತಿತ್ತು. ಕಿಟಕಿಗೆ ಕಂಬಳಿ ಕಟ್ಟಿಸಿ ಆ ಕೋಣೆಯಲ್ಲಿ ಮಲಗಿಬಿಟ್ಟೆ, ಚಳಿಗಾಲ ಪೂರ್ತಿ. ಜಲೀಲಾ ಕುರ್ಚಿಯ ಕಾಲುಗಳಿಗೆ ಉಣ್ಣೆ ಬಟ್ಟೆ ಸುತ್ತಿದಳು. ಪಕ್ಕದ ಮನೆಯವರು ಚಾಪೆ ಕೊಡವಲು ಸಮುದ್ರದ ದಂಡೆಗೆ ಹೋಗುವಂತೆ ಮಾಡಿದಳು. ಅವರು ಹೇಗೆ ಒಪ್ಪಿದರೆಂದು ನಾನು ಕೇಳಲಿಲ್ಲ; ಆ ಹೆಂಗಸಿಗೆ ಯಾರು ಇಲ್ಲವೆನ್ನಲು ಸಾಧ್ಯ?

ಇತ್ತ ಬಂದರಿನಲ್ಲಿ ಬೇರೆಯೇ ಮಾತು. "ತಲೆಗೆ ಪಟ್ಟಿಯಿಲ್ಲ, ಕೈಗೆ ಕೋಲಿಲ್ಲ, ಎಂಥಾ ಕಾಯಿಲೆ ಮಾರಾಯ ಇದು? ಮಲಗಿ ಉಣ್ಣೋ ರುಚಿ ಹತ್ತಿದೆ ಅವನಿಗೆ," ಅಂದವನು ಎರಡು ದೋಣಿಗಳ ಯಜಮಾನ ತಾಹರ್. ಇಗೋ, ಮೂರನೇ ಸಾಲಿನಲ್ಲಿ ಕೂತು ಮೀಸೆ ತಿರುವುತ್ತಿದ್ದಾನೆ. ನನ್ನ ಜಾಗಕ್ಕೆ ಸಲಕ್ತಾ ಬಂದರಿನಿಂದ ಬೇರೊಬ್ಬನನ್ನು ಕರೆಸಿದ್ದರು. ಅವನ ದನಿ ಚೆನ್ನಾಗಿತ್ತಂತೆ. ಅದನ್ನು ಕೇಳಿದ ದಿನ ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ.

ಒಂದು ಬೆಳಿಗ್ಗೆ ಜಲೀಲಾ ಬಂದು ನಾನು ಹೊದ್ದ ಕಂಬಳಿ ಎಳೆದಳು.

"ಏಳ್ರೀ. ಆಸ್ಪತ್ರೆಗೆ ಹೋಗೋಣ."

"ತಲೆ ಎತ್ತೋಕಾಗಲ್ಲ ಅಂತ ಎಷ್ಟು ಸಲ ಹೇಳಲಿ?"

"ತಲೆ ಇಲ್ಲೇ ಇರಲಿ ಬಿಡಿ. ಮಿಕ್ಕಿದ್ದನ್ನ ನಾನು ಕರ್ಕೊಂಡು ಹೋಗ್ತೀನಿ."

ವೈದ್ಯರು ಪರೀಕ್ಷಿಸಿ ಫಿಸಿಯೋಥೆರಪಿ ವಿಭಾಗಕ್ಕೆ ಕಳಿಸಿದರು. ಒಳಗೆ ಹೋದಾಗ ಮುಫೀದಾ ಮೇಡಂ ಏನು ಮಾಡಿದರು ಗೊತ್ತೇ? ಮಾತಾಡುವ ಮೊದಲು ಎದ್ದು ಟ್ಯೂಬ್‌ಲೈಟ್ ಆರಿಸಿದರು, ಪರದೆ ಎಳೆದರು, ಗೋಡೆ ಗಡಿಯಾರವನ್ನು ಕೆಳಗಿಳಿಸಿ ಹೊರಗಿಟ್ಟು ಬಂದರು. ಆಮೇಲೆ ಮೆಲ್ಲಗೆ, "ಹೇಳಿ, ಸಿ ಫರ್ಜಾನಿ," ಎಂದರು. ಅಷ್ಟು ದಿನಗಳಲ್ಲಿ ಯಾರೂ ನನ್ನ ಹೆಸರಿಗೆ ‘ಸಿ’ ಸೇರಿಸಿ ಆ ಮರ್ಯಾದೆಯಿಂದ ಕರೆದಿರಲಿಲ್ಲ.

ಕಣ್ಣು, ಕುತ್ತಿಗೆ, ನಡಿಗೆ ಎಲ್ಲ ನೋಡಿ ಅವರು ಹೇಳಿದರು: "ನಿಮ್ಮ ಕಣ್ಣು ಒಂದು ಹೇಳ್ತಿದೆ. ಕಿವಿಯೊಳಗೆ ಸಮತೋಲ ನೋಡ್ಕೊಳ್ಳೋ ಭಾಗ ಇದೆಯಲ್ಲ, ಅದು ಇನ್ನೊಂದು ಹೇಳ್ತಿದೆ. ಕುತ್ತಿಗೆ ಮೂರನೇದು. ಒಂದೇ ಬುಟ್ಟಿಗೆ ಮೂವರೂ ಬೇರೆಬೇರೆ ಬೆಲೆ ಕೂಗಿದ್ರೆ ನೀವೇನು ಮಾಡ್ತೀರಿ?"

"ಮೊದಲಿಂದ ಶುರು ಮಾಡಿಸ್ತೀನಿ ಮೇಡಂ."

"ನಾವೂ ಅದನ್ನೇ ಮಾಡೋಣ. ವಾಸಿಯಾಗತ್ತೆ. ಆದ್ರೆ ಕತ್ತಲಲ್ಲಿ ಮಲಗಿದ್ರೆ ಆಗಲ್ಲ."

ಶುರುವಾಯಿತು. ಒಂದು ರಟ್ಟಿನ ಮೇಲೆ ಮೇಡಂ ನನಗಾಗಿ ಮೀನಿನ ಚಿತ್ರ ಬರೆದು ಗೋಡೆಗೆ ಅಂಟಿಸಿದರು. ಅದು ಮೀನೋ ಬದನೆಕಾಯಿಯೋ ಎಂದು ನಾನು ಇಂದಿಗೂ ಪ್ರಮಾಣ ಮಾಡಿ ಹೇಳಲಾರೆ. ಕಣ್ಣು ಅದರ ಮೇಲೆಯೇ ಇರಬೇಕು, ತಲೆ ಮಾತ್ರ ಎಡಕ್ಕೆ ಬಲಕ್ಕೆ ಮೆಲ್ಲಗೆ ಹೊರಳಬೇಕು. ಅಷ್ಟೇ ಕೆಲಸ. ಅಷ್ಟಕ್ಕೇ ನನ್ನ ಅಂಗಿ ಬೆವರಿನಲ್ಲಿ ತೊಯ್ದುಹೋಗುತ್ತಿತ್ತು.

"ಇದೇನು ಮೇಡಂ, ಮಕ್ಕಳಾಟ," ಎಂದು ಒಂದು ದಿನ ಸಿಟ್ಟು ಮಾಡಿದೆ.

"ಮಕ್ಕಳು ನಿಮಗಿಂತ ಚೆನ್ನಾಗಿ ಆಡ್ತಾರೆ. ಇನ್ನೊಂದು ಸಲ."

ಬೇಗ ವಾಸಿಯಾಗಬೇಕೆಂದು ಮನೆಯಲ್ಲಿ ಗುಟ್ಟಾಗಿ ಹೆಚ್ಚು ಹೊತ್ತು ಮಾಡಿ, ವಾಂತಿ ಮಾಡಿಕೊಂಡು ಮತ್ತೆ ಹಾಸಿಗೆ ಹಿಡಿದದ್ದೂ ಉಂಟು. ಆಗ ಅವರು ಬೈದದ್ದನ್ನು ಈ ಸಭೆಯಲ್ಲಿ ಹೇಳಲಾಗದು. ಬೈದು ಮುಗಿಸಿ ಹೇಳಿದರು: "ತಲೆಸುತ್ತು ಸ್ವಲ್ಪ ಬರಬೇಕು. ಬಂದ ಕೂಡಲೇ ನಿಲ್ಲಿಸಬೇಕು. ಅದು ತಣ್ಣಗಾಗೋವರೆಗೂ ಕಾಯಬೇಕು. ದೋಣೀನ ದಡದ ದಕ್ಕೆಗೆ ಗುದ್ದಿಸಿ ನಿಲ್ಲಿಸ್ತಾರಾ ಯಾರಾದ್ರೂ?" ಅಲ್ಲಿಂದ ನಾನು ವಿಧೇಯ ವಿದ್ಯಾರ್ಥಿ. ಕುತ್ತಿಗೆಯ ಗಂಟುಗಳು ಸಡಿಲವಾದವು. ಕಾರಿಡಾರಿನಲ್ಲಿ ತಲೆ ಹೊರಳಿಸುತ್ತ ನಡೆಯುವುದು ಬಂತು. ಕಿಟಕಿಯ ಕಂಬಳಿ ಇಳಿಯಿತು.

ಬೇಸಿಗೆಯ ಹೊತ್ತಿಗೆ ಮೇಡಂ ಹೇಳಿದರು, "ಇನ್ನು ಕಾರಿನಲ್ಲಿ ಕೂರಬೇಕು. ಕಣ್ಣು ಬಿಟ್ಟುಕೊಂಡು. ಯಾರು ಓಡಿಸ್ತಾರೆ?"

"ನನ್ನ ಭಾವಮೈದುನ ಇದ್ದಾನೆ."

"ಹೊರಗೆ ದಿನಾ ಬಂದು ಕೂರ್ತಾಳಲ್ಲ, ಆ ಹುಡುಗಿ?"

ಸಿರೀನ್‌ಳನ್ನು ಒಳಗೆ ಕರೆದರು. ಅವಳು ಬಾಗಿಲಲ್ಲೇ ನಿಂತಳು.

"ನಾನು ಓಡಿಸಲ್ಲ ಮೇಡಂ. ಆವತ್ತೇ ಕೀಲಿ ಅಮ್ಮನ ಕೈಗೆ ಕೊಟ್ಟಿದ್ದೀನಿ. ಶಾಲೆಗೂ ಬರಲ್ಲ ಅಂತ ಹೇಳಿಬಿಡ್ತೀನಿ, ಅಲ್ಲಿಗೆ ಬಸ್ಸಿಲ್ಲ."

"ಯಾಕಮ್ಮ?"

"ಬಾಬಾ ನನ್ನ ಜೊತೆ ಕೂರಲ್ಲ. ಆವತ್ತಿನಿಂದ ನನ್ನ ಹತ್ರ ಸರಿಯಾಗಿ ಮಾತೇ ಆಡಿಲ್ಲ."

ನನಗೆ ದಿಗಿಲಾಯಿತು. "ನಾನು ಯಾರ ಹತ್ರ ಸರಿಯಾಗಿ ಆಡಿದೀನೇ? ತಲೆಯೊಳಗೆ ಒಂದು ಮಾತಿಗೂ ಜಾಗ ಇರಲಿಲ್ಲ ಮಗಳೇ," ಎಂದೆ.

ಇಡೀ ಚಳಿಗಾಲ ಆ ಹುಡುಗಿ ನನ್ನ ಮೌನವನ್ನು ಬೈಗುಳವೆಂದು ಹೊತ್ತುಕೊಂಡು ತಿರುಗಿದ್ದಳು. ಮೇಡಂ ಕೋಟು ತೆಗೆದಿಟ್ಟು, "ನಡೀರಿ. ನಾನೂ ಬರ್ತೀನಿ, ಹಿಂದಿನ ಸೀಟಲ್ಲಿ," ಎಂದರು.

ಕೋಟೆಯ ಸುತ್ತಿನ ರಸ್ತೆ ಹಿಡಿದೆವು. ಸಿರೀನ್ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದಿದ್ದಳು, ನಾನು ನನ್ನ ಮೊಣಕಾಲು ಹಿಡಿದಿದ್ದೆ. ಹಿಂದಿನಿಂದ ಮೇಡಂ ದನಿ: "ಎಡಕ್ಕೆ ನೋಡಿ. ಏನು ಕಾಣ್ತಿದೆ?"

"ಸಮಾಧಿಗಳು."

"ಬಲಕ್ಕೆ ನೋಡಿ."

"ಅಲ್ಲೂ ಸಮಾಧಿಗಳೇ ಮೇಡಂ."

"ಹಾಗಾದ್ರೆ ಸಮುದ್ರ ನೋಡಿ, ಮಾರಾಯರೇ."

ದೀಪಸ್ತಂಭದ ತಿರುವು ದಾಟಿದೆವು. ತಲೆ ಸುತ್ತಿತು, ಕಾದೆ, ತಣ್ಣಗಾಯಿತು. ಅಷ್ಟರಲ್ಲಿ ಹಿಂದಿನಿಂದ ಕ್ಷೀಣ ದನಿ: "ಸಿರೀನ್, ಒಂಚೂರು ನಿಲ್ಲಿಸ್ತೀಯಾ?" ಊರಿಗೆಲ್ಲ ತಲೆಸುತ್ತು ಬಿಡಿಸುವ ನಮ್ಮ ಮೇಡಂ ಇಳಿದು ಹೋಗಿ ಬಂಡೆಗಳ ಮರೆಯಲ್ಲಿ ವಾಂತಿ ಮಾಡಿಕೊಂಡರು. ಹಿಂದಿನ ಸೀಟು ಅವರಿಗೆ ಚಿಕ್ಕಂದಿನಿಂದಲೂ ಆಗದಂತೆ. ನಗಬೇಡಿ, ನಾವಿಬ್ಬರು ನಕ್ಕಷ್ಟು ನಿಮ್ಮಿಂದ ಆಗುವುದಿಲ್ಲ. ನಗುತ್ತಲೇ ಸಿರೀನ್ ಸ್ಟಿಯರಿಂಗಿಗೆ ಹಣೆ ಇಟ್ಟು ಅಳತೊಡಗಿದಳು. ನಾನು ಅವಳ ತಲೆಯ ಮೇಲೆ ಕೈಯಿಟ್ಟೆ.

"ನೀನು ಚೆನ್ನಾಗೇ ಓಡಿಸ್ತೀಯ. ಮೇಡಂ ಹೊಟ್ಟೆ ಸರಿಯಿಲ್ಲ, ಅಷ್ಟೇ. ಮನೆಗೆ ನಡಿ."

ಶಾಲೆ ತೆರೆದಾಗ ಅವಳು ಅದೇ ಕೀಲಿ ಹಿಡಿದು ಹೋದಳು.

ಮಾರುಕಟ್ಟೆಗೆ ಮೇಡಂ ನನ್ನನ್ನು ಒಂದೇ ಸಲಕ್ಕೆ ಬಿಡಲಿಲ್ಲ. ಮೊದಲು ಹರಾಜು ಮುಗಿದ ಮೇಲೆ, ನಾನು ನಿಂತು ಕೂಗುವ ಕಟ್ಟೆ ಖಾಲಿಯಿದ್ದಾಗ ಅದರ ಬಳಿ ನಡೆಸಿದರು. ಆಮೇಲೆ ಜನರಿರುವಾಗ ಮೂಲೆಯಲ್ಲಿ ಕೂರಿಸಿದರು. ಕೊನೆಗೆ ನಾನು ಕಟ್ಟೆ ಹತ್ತಿದ ದಿನ ಬಂತು. ಮೊದಲ ಬುಟ್ಟಿ ಬೊಂಡಾಸ್ ಮೀನಿನದು. ಬಾಯಿ ತೆರೆದೆ, ಸುತ್ತ ನೋಡಿದೆ. ಮಾರುಕಟ್ಟೆಯಲ್ಲಿ ಒಂದೂ ಸದ್ದಿಲ್ಲ. ಐಸ್ ಒಡೆಯುವವನೂ ಕೈ ಕಟ್ಟಿ ನಿಂತಿದ್ದಾನೆ.

"ಯಾಕ್ರೋ? ಯಾರು ಸತ್ತಿದ್ದು?" ಎಂದೆ.

ತಾಹರ್ ನೆಲ ನೋಡುತ್ತ ಪಿಸುಗುಟ್ಟಿದ, "ನಿನ್ನ ತಲೆಗೆ ನೋವಾಗತ್ತೆ ಅಂತ, ಫರ್ಜಾನಿ."

"ನೋವಾದ್ರೆ ನಾನೇ ನಿಲ್ಲಿಸ್ತೀನಿ, ಅದನ್ನ ನನಗೆ ಕಲಿಸಿದಾರೆ. ನೀನು ಕೂಗು. ಯಾವತ್ತಿನ ಹಾಗೆ ನನಗೆ ಬೈಯಿ."

ಅವನು ಬೈದ. ಅವನ ಹಿಂದೆ ಎಲ್ಲರೂ ಬೈದರು. ಐಸ್ ಒಡೆಯಿತು. ಆ ಗದ್ದಲದ ನಡುವೆ ನನ್ನ ಕುತ್ತಿಗೆ ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು. ಕಟ್ಟೆ ನಿಂತಲ್ಲೇ ನಿಂತಿತ್ತು.

ಪೂರ್ತಿ ವಾಸಿಯಾಗಿದ್ದೇನೆಯೇ? ಮರುಭೂಮಿಯ ಗಾಳಿ ಬೀಸಿದ ದಿನ ತಲೆ ಭಾರವಾಗುತ್ತದೆ. ಆಗ ಕೂರುತ್ತೇನೆ, ಕಾಯುತ್ತೇನೆ. ಇದೇ ತೊಂದರೆಯಿಂದ ಕತ್ತಲಲ್ಲಿ ಮಲಗಿದವರು ನಿಮ್ಮ ಮನೆಯಲ್ಲೋ ಕೇರಿಯಲ್ಲೋ ಇದ್ದರೆ ಅವರನ್ನು ಸೋಮಾರಿಯೆನ್ನಬೇಡಿ. ಎಬ್ಬಿಸಿ, ಆಸ್ಪತ್ರೆಗೆ ಕರೆದುಕೊಂಡು ಬನ್ನಿ.

ಮೇಡಂ ಅವರಿಗೆ, ಜಲೀಲಾಗೆ, ಈ ಬಂದರಿಗೆ ನಾನು ಋಣಿ ಎಂದು ವಿಸ್ತಾರವಾಗಿ ಹೇಳಬೇಕೆಂದಿದ್ದೆ. ಆದರೆ ಮುಫೀದಾ ಮೇಡಂ ಆಗಿನಿಂದ ನನ್ನ ಮುಖ ನೋಡುತ್ತಿಲ್ಲ, ಪಾದಗಳನ್ನು ನೋಡುತ್ತಿದ್ದಾರೆ. ಬಹಳ ಹೊತ್ತು ನಿಂತೆನಂತೆ. ಎಡಗಾಲು ಸ್ವಲ್ಪ ಪಕ್ಕಕ್ಕೆ ಸರಿಯಿತಂತೆ, ಸಮತೋಲ ತಪ್ಪುವ ಸೂಚನೆಯಂತೆ. ಕಣ್ಣಿನಲ್ಲೇ ಹೇಳುತ್ತಿದ್ದಾರೆ. ನಿವೃತ್ತಿಯ ದಿನವೂ ಈ ತಾಯಿಗೆ ಬಿಡುವಿಲ್ಲ.

ಆಯ್ತು ಮೇಡಂ, ಕೂತೆ. ನಿಮಗೂ, ಇಷ್ಟು ಹೊತ್ತು ಕೆಮ್ಮದೆ ಕೇಳಿದ ಎಲ್ಲರಿಗೂ ಕೈಮುಗಿದು ನಮಸ್ಕಾರ.