ಗೋಡೆಯ ಬಿರುಕಿಗೊಂದು ಲೈಟು

ಹಲೋ... ಹಲೋ, ಯಾರು ಮಾತಾಡ್ತಿರೋದು? ಸ್ವಲ್ಪ ಮೆಲ್ಲಗೆ ಮಾತಾಡಿ, ಒಳಗೆ ಹಾಡು ನಡೀತಿದೆ.

...

ಓ, ಕೊರಗ ಶೆಟ್ರಾ! ಸೆಕೆಂಡ್ ಫ್ಲೋರ್... ಹಾಂ ಹಾಂ, ನಮ್ಮ ಕೆಳಗಿನ ಮನೆಯೋರ ದನಿ ಗೊತ್ತಾಗದೆ ಇರತ್ತಾ? ಏನು ಇಷ್ಟು ಏದುಸಿರು? ಮೆಟ್ಟಿಲು ಹತ್ತಿದ್ರಾ?

...

ಸರಸ್ವತಿ ಮೇಡಂ ಫೋನನ್ನು ರೇಷ್ಮೆ ಸೆರಗಿನೊಳಗೆ ಮರೆಮಾಡಿಕೊಂಡು ಅಡುಗೆಮನೆಗೆ ಸರಿದರು. ಮುಂಬಯಿಯ ಸಾಂತಾಕ್ರೂಜಿನ ಆ ಹಳೇ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ, ಅವರ ಮನೆಯ ಭಾನುವಾರದ ಬೆಳಗಿನ ಸಂಗೀತದ ಬೈಠಕ್ ಶುರುವಾಗಿ ಅರ್ಧ ಗಂಟೆಯಾಗಿತ್ತು. ಬಂದವರ ಮೊಬೈಲುಗಳನ್ನೆಲ್ಲ ಬಾಗಿಲಲ್ಲೇ ಒಂದು ಹಿತ್ತಾಳೆ ಹರಿವಾಣಕ್ಕೆ ಹಾಕಿಸಿಕೊಂಡಿದ್ದಾಗಿತ್ತು. ಸಂಗೀತಕ್ಕೆ ಮರ್ಯಾದೆ ಬೇಡವೇ? ಜೀವ ಉಳಿಸಿಕೊಂಡಿದ್ದ ಫೋನು ಮೇಡಮ್ಮನದೊಂದೇ.

...

ಊಟದ ಟೇಬಲ್ ಮೇಲೆ ಏನು ಬಿತ್ತು? ಗಾರೆನಾ? ಅಯ್ಯೋ, ಮಳೆಗಾಲ ಕಳೆದ ಮೇಲೆ ಎಲ್ಲರ ಮನೇಲೂ ಉದುರತ್ತೆ ಶೆಟ್ರೇ.

...

ಎಷ್ಟು ಜನ ಅಂದ್ರಾ? ಅರವತ್ತೆರಡು. ಮಾಟುಂಗದಿಂದ ಸಂಘದವರು, ದಾದರಿನಿಂದ ವಿಮರ್ಶಕರು... ಅಲ್ಲ, ಒಂದು ಮಾತು ಕೇಳ್ಲಾ? ನಿಮ್ಮನ್ನ ಕರೀಲಿಲ್ಲ ಅಂತ ಬೇಜಾರಾ? ನಿಮಗೆ ಯಕ್ಷಗಾನ ಇಷ್ಟ. ಇದು ಬೇರೆ ಥರ, ಕಿವಿ ಪಳಗಿರಬೇಕು... ತಪ್ಪು ತಿಳ್ಕೋಬೇಡಿ. ನಿಮ್ಮ ಹೋಟ್ಲಿನ ಗೋಳಿಬಜೆ ಮಾತ್ರ ನಮ್ಮವರಿಗೆ ಬೇಕೇ ಬೇಕು.

...

ಗೋಡೆನಾ? ಹೌದು, ತೆಗೆಸಿದ್ವಿ. ಮಧ್ಯದ್ದು, ಎರಡೂ. ಬಿಲ್ಡಿಂಗ್ ಸೊಸೈಟಿಗೆ ಹೇಳ್ಬೇಕಿತ್ತು, ಸರಿ. ಆದ್ರೆ ಸೊಸೈಟಿಯವರಿಗೆ ಬೈಠಕ್ ಅಂದ್ರೆ ಏನು ಗೊತ್ತು? ನಮ್ಮ ಡಿಸೈನರ್ ವಿಕ್ರಂ, ಇಟಲಿಗೆಲ್ಲ ಹೋಗಿ ಬಂದೋನು, ಅವನೇ ಹೇಳಿದ, ಆಂಟಿ, ನಾದಕ್ಕೆ ಗೋಡೆ ಅಡ್ಡ ಬರಬಾರದು ಅಂತ.

...

ಬಿರುಕು ನಿಮ್ಮಲ್ಲೂ ಬಂದಿದೆಯಾ? ನಮ್ಮದನ್ನ ನೋಡ್ಬೇಕು ನೀವು! ಹಾಲಿನ ಗೋಡೆ ಮೇಲೆ, ಕಂಬದ ಬುಡದಿಂದ ಶುರುವಾಗಿ ಮೇಲಿನ ಬೀಮ್‌ತನಕ, ಒಳ್ಳೆ ನದಿ ಹರಿದ ಹಾಗಿದೆ. ಸಿಮೆಂಟ್ ತುಂಬಿಸ್ತೀನಿ ಅಂದ್ರೆ ವಿಕ್ರಂ ಬೇಡ ಅಂತ ಕೈ ಹಿಡ್ಕೊಂಡ. ಅದಕ್ಕೇ ಅಂತ ಒಂದು ಲೈಟು ಹಾಕಿಸ್ದ. ಇವತ್ತು ಬಂದೋರೆಲ್ಲ ಮೊದಲು ಅಲ್ಲೇ ನಿಂತ್ರು. ಪ್ರೊಫೆಸರ್ ಸತ್ಯಮೂರ್ತಿ ಹತ್ತು ನಿಮಿಷ ಮಾತಾಡಿದ್ರು, ಕಾಲವೇ ಕೂತು ಬರೆದ ಗೆರೆ ಇದು ಅಂತ.

...

ಹಾಂ, ಅಗಲ ಆಗಿದೆ. ನಿನ್ನೆ ಬೆರಳೂ ಹೋಗ್ತಿರಲಿಲ್ಲ. ಈಗ... ಈಗ ಕೈ ಹೋಗತ್ತೆ ಅಂತ ಅಪೇಕ್ಷಾ ಹೇಳಿದ್ಳು. ನನ್ನ ಮಗಳು, ಇವತ್ತು ತಂಬೂರಿಗೆ ಕೂತಿದಾಳೆ. ನಾನೇ ಸುಮ್ನಿರು ಅಂದೆ. ನಾಲ್ಕು ಜನರ ಮುಂದೆ ಹಾಗೆಲ್ಲ ಆಡ್ತಾರಾ?

...

ಟಕ್ ಅಂತಾನಾ? ಹೌದು, ಇಲ್ಲೂ ಕೇಳಿಸ್ತು. ಒಳಗೆ ಯಾರೋ ಅದಕ್ಕೆ 'ವಾಹ್' ಅಂದ್ರು.

...

ಶೆಲ್ಫಿನಲ್ಲಿದ್ದ ಸ್ಟೀಲ್ ಲೋಟಗಳು ತಾವಾಗಿಯೇ ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡತೊಡಗಿದವು. ಮೇಡಂ ಅವುಗಳ ಮೇಲೆ ಅಂಗೈ ಇಟ್ಟು ಸುಮ್ಮನಾಗಿಸಿದರು. ಅಂಗೈಯೇ ಅದುರಿತು.

...

ನೀವೀಗ ಎಲ್ಲಿದೀರಿ? ಕಾಂಪೌಂಡಲ್ಲಾ? ಎಲ್ಲರೂನಾ? ತಡೀರಿ, ಕಿಟಕಿಗೆ ಬರ್ತೀನಿ... ಹಾಂ, ಕಾಣ್ತಿದೀರಿ. ಪಕ್ಕದ ಮನೆ ವಿನೋದಿನಿ, ವಾಚ್‌ಮನ್... ಅಯ್ಯೋ, ಫಸ್ಟ್ ಫ್ಲೋರಿನ ಅಜ್ಜಿನ ಕುರ್ಚಿ ಸಮೇತ ಇಳಿಸಿದೀರಲ್ಲ! ಎಲ್ಲರೂ ಯಾಕೆ ಶೆಟ್ರೇ ನಮ್ಮ ಮನೆ ಕಡೆಗೇ ನೋಡ್ತಾ ನಿಂತಿದೀರಿ?

...

ಶೆಟ್ರೇ... ಅಳಬೇಡಿ. ಗಂಡಸು ನೀವು ಅತ್ತರೆ ಹೇಗೆ? ಸರಿ. ಸರಿ, ಕೆಳಗೆ ಕರ್ಕೊಂಡು ಬರ್ತೀನಿ. ಎಲ್ಲರನ್ನೂ. ಈಗ್ಲೇ.

...

ಮೇಡಂ ಹಾಲಿನ ಹೊಸ್ತಿಲಿಗೆ ಬಂದು ನಿಂತರು. ಅರವತ್ತೆರಡು ತಲೆಗಳು ಒಂದೇ ಹದದಲ್ಲಿ ತೂಗುತ್ತಿದ್ದವು. ಗಾಯಕರು ಕಣ್ಣು ಮುಚ್ಚಿ ಎಲ್ಲೋ ಆಳಕ್ಕೆ ಇಳಿದಿದ್ದರು. ಲೈಟಿನ ಬೆಳಕಿನಲ್ಲಿ ಬಿಳೀ ಪುಡಿ ಸಣ್ಣಗೆ ಉದುರುತ್ತಿತ್ತು. ಮುಂದಿನ ಸಾಲಿನ ವಿಮರ್ಶಕರೊಬ್ಬರು ತಲೆಯೆತ್ತಿ ಅದನ್ನೇ ಸವಿಯುತ್ತಿದ್ದರು.

...

ಶೆಟ್ರೇ, ಈ ಗಳಿಗೇಲಿ ಆಗಲ್ಲ... ಅಲ್ಲಲ್ಲ, ಹೇಳ್ತೀನಿ, ಖಂಡಿತ ಹೇಳ್ತೀನಿ. ಆದ್ರೆ ಮಧ್ಯದಲ್ಲಿ ಬಾಯಿ ಹಾಕೋ ಹಾಗಿಲ್ಲ. ತಾಳದ ಹನ್ನೆರಡು ಮಾತ್ರೆ ಎಣಿಸಿ, ಒಂದು ಸುತ್ತು ಮುಗಿದು ಸಮ್‌ಗೆ ಬರಬೇಕು. ಸಮ್ ಅಂದ್ರೆ ಮೊದಲ ಪೆಟ್ಟು. ತುಂಬ ನಿಧಾನದ ತಾಳ ಇದು. ಒಂದೇ ನಿಮಿಷ. ನಡುವೆ ಎಬ್ಬಿಸಿದ್ರೆ ಈ ಮುಂಬಯಿಯಲ್ಲಿ ಇನ್ನು ಯಾರೂ ನಮ್ಮನೆ ಮೆಟ್ಟಿಲು ಹತ್ತಲ್ಲ.

...

ಅಪೇಕ್ಷಾನಾ? ಕೈ ಮಾಡ್ತಿದೀನಿ... ನೋಡ್ತಾನೇ ಇಲ್ಲ. ಅಪೂ... ಶ್, ಅಪೂ... ಎದ್ದು ಬಾರೇ... ಕೂದಲಲ್ಲೆಲ್ಲ ಬಿಳೀ ಪುಡಿ. ಕಣ್ಣು ಮುಚ್ಚಿ ಕೂತಿದಾಳೆ ಶೆಟ್ರೇ. ನಾನೇ ಹೇಳಿಕೊಟ್ಟಿದ್ದು, ತಂಬೂರಿ ಹಿಡಿದೋರು ಕಣ್ಣು ಬಿಡಬಾರದು ಅಂತ.

...

ಕಿರಚ್ತೀನಿ, ಕಿರಚ್ತೀನಿ, ಸಮ್ ಒಂದು ಬರಲಿ. ಒಂಬತ್ತು... ಹತ್ತು... ನೀವು ಫೋನ್ ಮಾತ್ರ ಇಡಬೇಡಿ. ಹನ್ನೊಂದು... ಹಾಂ, ಎಲ್ಲರೂ ತಾಳದ ಪೆಟ್ಟಿಗೆ ಕೈ ಎತ್ತಿದ್ರು, ಬಂತು ಶೆಟ್ರೇ, ಹನ್ನೆ...