ವೀಳ್ಯ ಹಿಡಿದ ಹರಿಗೋಲು

ಇದು ನಮ್ಮ ದೊಡ್ಡಪ್ಪನ ಮಗ ಅಂಕಯ್ಯನಿಗೆ ಆದದ್ದು. ದೆವ್ವ ಇಲ್ಲ ಅನ್ನುವವರು ಹಗಲು ಹೊತ್ತಿನಲ್ಲಿ ಅನ್ನಲಿ. ಈಗ ದೀಪ ಸಣ್ಣದು ಮಾಡಿ ಕೇಳಿ.

ಯುದ್ಧದ ಕಾಲ, ಧನುರ್ಮಾಸದ ಚಳಿ. ಅಂಕಯ್ಯ ಹೊಳೆಯಿಂದ ಮನೆಗೆ ಬರುತ್ತಿದ್ದ. ತಲೆಯ ಮೇಲೆ ಹರಿಗೋಲು ಮಗುಚಿ ಹೊತ್ತಿದ್ದ. ರಾತ್ರಿ ದಂಡೆಯಲ್ಲಿ ಬಿಟ್ಟರೆ ನರಿ ನಾಯಿ ಬಂದು ಚರ್ಮ ಕಡಿಯುತ್ತವೆ. ಬಿದಿರಿನ ಹೆಣಿಗೆ, ಅದರ ಮೇಲೆ ಎಮ್ಮೆ ಚರ್ಮ. ಅದರೊಳಗೆ ತಲೆ ಇಟ್ಟವನಿಗೆ ಆಕಾಶವೂ ಇಲ್ಲ, ಊರೂ ಇಲ್ಲ. ಕಾಣುವುದು ತನ್ನೆರಡು ಪಾದ, ಅದರ ಸುತ್ತ ಒಂದಿಷ್ಟು ನೆಲ. ಅಷ್ಟೇ.

ಆಲದ ಮರದ ಹತ್ತಿರ ಬಿಳಲು ಚರ್ಮಕ್ಕೆ ತಾಗಿ ಸರ್... ಸರ್... ಅಂದಿತು. ಅದು ದಿನವೂ ಅನ್ನುತ್ತಿತ್ತು. ಅದರ ಹಿಂದೆಯೇ ಇನ್ನೊಂದು ಸದ್ದು. ಚಪ್... ಚಪ್... ಒದ್ದೆ ಕಾಲಿನ ಸದ್ದು. ಅಂಕಯ್ಯನ ಕಾಲು ಒಣಗಿ ಎಷ್ಟೋ ಹೊತ್ತಾಗಿತ್ತು.

ಕೆಳಗೆ ನೋಡಿದ. ಬೆಳುದಿಂಗಳು ಅಂಚಿನಿಂದ ಒಳಗೆ ಬಿದ್ದಿತ್ತು. ಹರಿಗೋಲಿನ ಅಡಿಯಲ್ಲಿ ನಾಲ್ಕು ಪಾದ ಇದ್ದವು.

ಆ ಪಾದ ಯಾರದು ಅನ್ನುವ ಮೊದಲು ಹಿಂದಿನ ಮೂರು ದಿನದ ಸಂಗತಿ ಹೇಳಬೇಕು. ಅದನ್ನು ಹೇಳದೆ ಬಿಟ್ಟರೆ ಇದು ಬರೀ ದೆವ್ವದ ಕತೆಯಾಗುತ್ತದೆ.

ಕಿರುಗಾವಲಿನಿಂದ ತೆಂಕಲಿಗೆ ನಡೆದರೆ ಕಾವೇರಿ. ಈಚೆ ದಂಡೆಯಲ್ಲಿ ಅಂಕಯ್ಯನ ಹಳ್ಳಿ, ಆಚೆ ದಂಡೆಯಲ್ಲಿ ಇಪ್ಪತ್ತು ಗುಡಿಸಲಿನ ಹಟ್ಟಿ. ನಡುವೆ ಇದ್ದದ್ದು ಒಂದೇ ಹರಿಗೋಲು. ಸೇತುವೆ ಕೊಡಿ ಎಂದು ಅರ್ಜಿ ಬರೆದೂ ಬರೆದೂ ನಮ್ಮ ಬೆರಳು ಸವೆದವು, ಅರ್ಜಿ ಓದಿದವನ ಕಣ್ಣು ಸವೆಯಲಿಲ್ಲ.

ಪಾರ್ಥಸಾರಥಿ ಅನ್ನುವವರು ಬೆಂಗಳೂರಿನಲ್ಲಿ ದೊಡ್ಡ ಅಧಿಕಾರಿ. ಪ್ರತಿ ವರ್ಷ ಕ್ರಿಸ್‌ಮಸ್ ರಜಕ್ಕೆ ಕಾರಿನಲ್ಲಿ ಊಟಿಗೆ ಹೋಗುವವರು. ಆ ವರ್ಷ ಪೆಟ್ರೋಲಿಗೆ ಕೂಪನ್ನು ಬಂತು. ಬಿಳಿಯರು ಹಡಗು ಗೊತ್ತು ಮಾಡಿಕೊಂಡು ಹೆಂಡಿರ ಜೊತೆ ಕಡಲಲ್ಲಿ ಗಾಳಿ ಕುಡಿಯುವ ಚಿತ್ರವನ್ನು ಯಾವುದೋ ಪತ್ರಿಕೆಯಲ್ಲಿ ಕಂಡಿದ್ದರಂತೆ. ಕಡಲಿಲ್ಲದಿದ್ದರೆ ಹೊಳೆ, ಹಡಗಿಲ್ಲದಿದ್ದರೆ ಹರಿಗೋಲು. ಮಂಡ್ಯದವರೆಗೆ ರೈಲು, ಅಲ್ಲಿಂದ ಕಮಾನು ಗಾಡಿ. ಜೊತೆಗೆ ಹೆಂಡತಿ ಗೋದಾ, ಹಾಸಿಗೆ, ಗ್ರಾಮಫೋನು.

ಹೋಬಳಿಯ ಕಂದಾಯ ನೋಡುವ ಶೇಕದಾರ ಅಂಕಯ್ಯನನ್ನು ಕರೆಸಿ ಹೇಳಿದ: "ಮೂರು ದಿನ ನಿನ್ನ ಹರಿಗೋಲು ಇವರದು. ಊರ ಗೋಳು ಇವರ ಕಿವಿಗೆ ಬೀಳಬಾರದು."

"ಆಚೆ ದಂಡೆಯೋರು ಏನ್ ಮಾಡ್ಬೇಕು ಬುದ್ಧಿ?"

"ಆಚೆ ದಂಡೇಲೇ ಇರ್ತಾರೆ."

ಸಾಹೇಬರ ಕೈಯಿಂದ ವೀಳ್ಯ ಕೊಡಿಸಿದರು. ಅಂಕಯ್ಯ ಹಿಡಿದ. ಹರಿಗೋಲಿನವರಲ್ಲಿ ಒಂದು ಕಟ್ಟಳೆ ಉಂಟು. ವೀಳ್ಯ ಹಿಡಿದ ಮೇಲೆ ಕೊಟ್ಟವರು ಇಳಿಯುವ ತನಕ ಬೇರೆಯವರು ಕಾಲಿಡಕೂಡದು, ಇಟ್ಟರೆ ಹೊಳೆ ಒಂದು ಜೀವ ಕೇಳುತ್ತದೆ. ಅದು ಮದುವೆ ದಿಬ್ಬಣ ದಾಟಿಸುವುದಕ್ಕೆ ಮಾಡಿದ್ದು. ಅರ್ಧ ಗಳಿಗೆಯ ಕಟ್ಟಳೆ. ಅದನ್ನು ಮೂರು ದಿನಕ್ಕೆ ಎಳೆದವನು ಸಾಹೇಬನಲ್ಲ, ಶೇಕದಾರನೂ ಅಲ್ಲ. ನಮ್ಮ ಅಂಕಯ್ಯನೇ.

ಮೂರನೆಯ ದಿನ, ಹೊತ್ತು ನೆತ್ತಿಗೆ ಬರುವ ಮೊದಲು, ಹರಿಗೋಲು ನಡು ಹೊಳೆಯಲ್ಲಿದ್ದಾಗ ಆಚೆಯಿಂದ ಸದ್ದು ಬಂತು. ಟಣ್... ಟಣ್... ಟಣ್... ಕಂಚಿನ ತಟ್ಟೆ.

ಸುಮ್ಮನೆ ದಾಟುವವರು ಬಾಯಲ್ಲಿ ಕೂಗುತ್ತಾರೆ. ತಟ್ಟೆ ಬಡಿಯುವುದು ಹೆರಿಗೆ ಕಷ್ಟವಾದಾಗ ಮಾತ್ರ. ಸೂಲಗಿತ್ತಿ ಇರುವುದು ಈಚೆ ದಂಡೆಯಲ್ಲಿ. ಅವಳು ಮಹದೇವಮ್ಮ, ಅಂಕಯ್ಯನ ಅವ್ವ. ಆಚೆಯವರು ಈಜಿ ಬಂದಾರು, ಆದರೆ ಮುದುಕಿಯನ್ನು ಈಜಿಸಿಕೊಂಡು ಹೋಗುವುದು ಹೇಗೆ?

ನೋವು ತಿನ್ನುತ್ತಿದ್ದವಳು ಹಟ್ಟಿಯ ಮರಿಸಿದ್ದಯ್ಯನ ಸೊಸೆ ರೇವಮ್ಮ. ಚೊಚ್ಚಲು. ಹೋದ ವರ್ಷ ಅವಳ ದಿಬ್ಬಣ ದಾಟಿಸಿದವನು ಅಂಕಯ್ಯನೇ. ಹರಿಗೋಲಿನವನು ಮುಖ ನೋಡುವುದಿಲ್ಲ, ಹತ್ತುವ ಕಾಲು ನೋಡುತ್ತಾನೆ. ಮದುವಣಗಿತ್ತಿಯ ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಅದು ಅವನಿಗೆ ನೆನಪಿತ್ತು.

ಈಚೆ ದಂಡೆಗೆ ಮಹದೇವಮ್ಮ ಬಂದು ನಿಂತಳು. ಚೊಚ್ಚಲ ಹೆರಿಗೆ ಅಂತ ಅಂದೇ ಮಡಿಕೆ ಬಿಚ್ಚಿ ಉಟ್ಟ ನೀಲಿ ಸೀರೆ, ಕಂಕುಳಲ್ಲಿ ಗಂಟು. ಒಂದು ಸಲ ಕೈ ಎತ್ತಿದಳು.

"ಯಾರದು, ಆ ನೀಲಿ ಸೀರೆ ಮುದುಕಿ?" ಅಂದರು ಸಾಹೇಬರು.

"ನಮ್ಮವ್ವ ಬುದ್ಧಿ. ಸುಮ್ಕೆ ನಿಂತವ್ಳೆ."

"ಅದೇನಪ್ಪಾ ಆಚೆ ತಟ್ಟೆ ಬಡೀತಿರೋದು?" ಅಂದರು ಗೋದಾ. "ಯಾರಿಗೋ ಏನೋ ಆಗಿರಬೇಕು. ಹೋಗಿ ನೋಡೋಣವೇ?"

ಆಕೆ ಕೇಳಿದ್ದು ನಿಜ. ಅಂಕಯ್ಯ ನಿಜ ಬಾಯಿ ಬಿಟ್ಟಿದ್ದರೆ ಹರಿಗೋಲು ತಿರುಗುತ್ತಿತ್ತು.

"ಏನಿಲ್ಲ ತಾಯಿ. ಹಕ್ಕಿ ಓಡಿಸ್ತಾವ್ರೆ."

ಸಾಹೇಬರು ಗ್ರಾಮಫೋನಿನ ಕೀಲಿ ತಿರುಗಿಸಿದರು. ಕಿರ್‌ರ್... ಕಿರ್‌ರ್... ಹಾಡು ಹೊರಟಿತು. ಹಾಡಿನ ಅಡಿಯಲ್ಲಿ ತಟ್ಟೆ ಬಡಿಯುತ್ತಲೇ ಇತ್ತು. ಅಂಕಯ್ಯ ಹುಟ್ಟು ಹಾಕುತ್ತಲೇ ಇದ್ದ. ಎದೆಯಲ್ಲಿ ಏನೂ ಆಗಲಿಲ್ಲ. ಕೈ ತನ್ನದಲ್ಲ ಅನ್ನುವ ಹಾಗೆ ಹೋಗುತ್ತಿತ್ತು, ಬರುತ್ತಿತ್ತು.

ಮಧ್ಯಾಹ್ನದ ಮೇಲೆ ತಟ್ಟೆ ನಿಂತಿತು. ಈಚೆ ದಂಡೆಯ ನೀಲಿ ಸೀರೆ ಮನೆಯ ಕಡೆ ತಿರುಗಿತು.

"ಎಂಥಾ ನೆಮ್ಮದಿ ಇಲ್ಲಿ!" ಅಂದರು ಸಾಹೇಬರು.

ದೀಪ ಹಚ್ಚುವ ಹೊತ್ತಿಗೆ ಅವರ ಗಾಡಿ ಹೊರಟಿತು. ಈಗ ದಾಟಬಹುದಿತ್ತು. ಅಂಕಯ್ಯ ಹೊಳೆಯ ಕಡೆ ಮುಖ ಮಾಡಿ ಕೂತಿದ್ದ. ಬೆಳುದಿಂಗಳು ಹತ್ತಿತು. ಅವನು ದಾಟಲಿಲ್ಲ. ಕೊನೆಗೆ ಹರಿಗೋಲು ಮಗುಚಿ ತಲೆಯ ಮೇಲೆ ಇಟ್ಟುಕೊಂಡ.

ನಾಲ್ಕು ಪಾದ ಅಂದೆನಲ್ಲ. ಎರಡು ಅವನವು. ಇನ್ನೆರಡು ಹೆಣ್ಣಿನವು. ಕಾಲುಂಗುರ ಇತ್ತು. ನೀರು ತೊಟ್ಟಿಕ್ಕುತ್ತಿತ್ತು. ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು.

ಹೆದರಿಕೆ ಆಗಬೇಕಿತ್ತು. ಆಗಲಿಲ್ಲ. ಕಿವಿಯ ಹತ್ತಿರ ಉಸಿರು...

"ಅಣ್ಣಾ... ಅರಿಗೋಲು ಈಗ ಬಿಡುವಾ?"

"ಬಿಡುವು ಕಣವ್ವ."

"ಸೂಲಗಿತ್ತಿ ಅವ್ವ ಮನೇಲವಳಾ?"

"ಅವಳೆ."

"ನಂಗೆ ದಾರಿ ಗೊತ್ತಿಲ್ವಲ್ಲಣ್ಣ..."

"ನನ್ ಕಾಲ್ ನೋಡ್ಕಂಡು ಬಾ."

ಚಪ್... ಚಪ್... ಅವಳು ಎರಡು ಸಲ ನಿಂತಳು, ನೋವು ಬಂದವರು ನಿಲ್ಲುವ ಹಾಗೆ. ಅವನೂ ನಿಂತ. ಮತ್ತೆ ನಡೆದರು. ಮನೆಯ ಅಂಗಳದಲ್ಲಿ ಹರಿಗೋಲು ಇಳಿಸಿ ತಲೆ ಎತ್ತಿದರೆ... ಯಾರೂ ಇಲ್ಲ.

ಮಹದೇವಮ್ಮ ಹೊಸ್ತಿಲ ಮೇಲೆ ನಿಂತಿದ್ದಳು. ಬೆಳಿಗ್ಗೆ ಉಟ್ಟ ಸೀರೆಯಲ್ಲೇ ಇದ್ದಳು. ಒಳಗೆ ಹಂಡೆಯ ನೀರು ಕುದಿಯುವ ಸದ್ದು, ಗುಳು ಗುಳು... ಮಗನ ಮುಖ ನೋಡಲಿಲ್ಲ. ಅವನ ಪಕ್ಕಕ್ಕೆ ನೋಡಿದಳು.

"ಬಾರವ್ವ," ಅಂದಳು. ಆಮೇಲೆ ಅವನಿಗೆ: "ನೀನು ಒರಗಡೇಲೇ ಇರು. ನಿಂದೇನೂ ಕೆಲಸಿಲ್ಲ."

ಕದ ಮುಚ್ಚಿತು.

ಅಂಕಯ್ಯ ಹರಿಗೋಲಿಗೆ ಒರಗಿ ಕೂತ. ಬಳೆ ಸದ್ದು. "ಇನ್ನೊಂದ್ಸಲ ಕಣವ್ವ... ಉಸ್ರು ಬುಡು..." ಅನ್ನುವ ಅವ್ವನ ಪಿಸುಮಾತು. ಸುರ್ ಅಂತ ನೀರು ಹೊಯ್ದ ಸದ್ದು. ಕೊನೆಗೆ ಪರ್‌ರ್... ಬಟ್ಟೆಯಿಂದ ನೂಲು ಎಳೆದ ಸದ್ದು. ಮಗುವಿನ ಹೊಕ್ಕುಳ ಹುರಿ ಕಟ್ಟುವುದಕ್ಕೆ ಅವಳು ತನ್ನ ಸೆರಗಿನ ಎಳೆಯನ್ನೇ ಎಳೆಯುವವಳು. ಆಮೇಲೆ ಮಗು ಅತ್ತಿತು. ಒಂದೇ ಒಂದು ಸಲ.

ಬೆಳಗಾದಾಗ ಕದ ತೆರೆದಿತ್ತು. ಅವ್ವ ಒಬ್ಬಳೇ ಗೋಡೆಗೆ ಒರಗಿದ್ದಳು.

"ಯಾರ್ ಬಂದಿದ್ರವ್ವ?"

"ಯಾರಾದ್ರೂ ಬರಾಕೆ ನೀನು ಬುಟ್ಟಿದ್ಯಾ?"

ಅವನು ಹರಿಗೋಲು ಹೊತ್ತುಕೊಂಡು ಹೋಗಿ ಆಚೆ ದಾಟಿದ. ದಂಡೆಯಲ್ಲಿ ಮರಿಸಿದ್ದಯ್ಯ ಕೂತಿದ್ದ. "ಈಗ ಬಂದೇನ್ಲಾ ಅಂಕ?" ಅಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ತಟ್ಟೆ ಬಡಿಯುವವರು ಮಧ್ಯಾಹ್ನವೇ ಆಸೆ ಬಿಟ್ಟಿದ್ದರು; ರೇವಮ್ಮ ಹೊತ್ತು ಮುಳುಗುವಾಗಲೇ ಹೋಗಿದ್ದಳು, ಹೆರದೆ. ಬಸಿರಿನ ಜೊತೆ ಮಣ್ಣು ಮಾಡುವಂತಿಲ್ಲ, ಬೆಳಿಗ್ಗೆ ಹೊಟ್ಟೆ ಬಗೆಯಬೇಕು ಎಂದು ಹಿರಿಯರು ಕುಡುಗೋಲು ಮಸೆದು ಇಟ್ಟಿದ್ದರು. ರಾತ್ರಿಯೆಲ್ಲ ನಾಲ್ವರು ಹೆಂಗಸರು ಹೆಣದ ಪಕ್ಕ ಕೂತಿದ್ದರು. ಬೆಳಿಗ್ಗೆ ಮೀಯಿಸಲು ಬಟ್ಟೆ ಸರಿಸಿದರೆ ಹೊಟ್ಟೆ ಇಳಿದಿತ್ತು. ಚಾಪೆಯ ಮೇಲೆ ತೊಟ್ಟು ರಕ್ತ ಇಲ್ಲ. ಮಗುವೂ ಇಲ್ಲ. ಕುಡುಗೋಲನ್ನು ಮತ್ತೆ ಸೂರಿಗೆ ಸಿಕ್ಕಿಸಿದರು.

ಅಂಕಯ್ಯ ಆಮೇಲೂ ಹರಿಗೋಲು ಹಾಕಿದ. ಯಾರ ವೀಳ್ಯವನ್ನೂ ಹಿಡಿಯಲಿಲ್ಲ. ಅವನ ಬಾಯಿಂದಲೇ ನಾನು ಇದನ್ನು ಕೇಳಿದ್ದು. ಹೇಳುವಾಗ ಅಳಲಿಲ್ಲ, ದನಿ ಏರಿಸಲಿಲ್ಲ, ಬೇರೆ ಯಾರದೋ ಸುದ್ದಿ ಅನ್ನುವ ಹಾಗೆ ಹೇಳಿದ. ಮಹದೇವಮ್ಮ ಮತ್ತೆ ಯಾರ ಹೆರಿಗೆಗೂ ಹೋಗಲಿಲ್ಲ, ಆ ನೀಲಿ ಸೀರೆಯನ್ನು ಮತ್ತೆ ಉಡಲೂ ಇಲ್ಲ.

ಸುಳ್ಳು ಅನ್ನುವವರು ನಮ್ಮ ಮನೆಗೆ ಬನ್ನಿ. ಸೀರೆ ಪೆಟ್ಟಿಗೆಯಲ್ಲಿದೆ. ಒಂದೇ ದಿನ ಉಟ್ಟದ್ದು, ಗಂಜಿಯ ವಾಸನೆ ಕೂಡ ಹೋಗಿಲ್ಲ. ಸೆರಗಿನ ಅಂಚಿನಲ್ಲಿ ಒಂದು ಎಳೆ ಇಲ್ಲ. ಒಂದು ಗೇಣು ಉದ್ದ. ನಾನೇ ಅಳೆದು ನೋಡಿದ್ದೇನೆ.