ಕಾಶಿಯಿಂದ ತಂದ ಕಣಗಿಲೆ

ಯಾವುದೋ ಒಂದು ಊರು ಅನ್ನಿ, ಆ ಊರಿನಲ್ಲೊಬ್ಬ ಸಾಹುಕಾರ. ಹೆಸರು ಮಾತ್ರ ಕೇಳಬೇಡಿ. ಹೇಳಿದರೆ ನೀವೆಲ್ಲ ಕತೆ ಬಿಟ್ಟು ಪಕ್ಕದವರ ಮುಖ ನೋಡುತ್ತೀರಿ! ಅರಳೆ ಗಿರಣಿ, ಅಂತಸ್ತಿನ ಮನೆ, ಯಾವುದಕ್ಕೂ ಕೊರತೆಯಿಲ್ಲ. ಒಬ್ಬಳೇ ಮಗಳು, ಅವಳೆಂದರೆ ಪ್ರಾಣ. ಆ ಮಗುವಿಗೆ ರಕ್ತದ ಕ್ಯಾನ್ಸರ್ ಬಂತು.

ದೊಡ್ಡಾಸ್ಪತ್ರೆಯಲ್ಲಿ ಚಿಕಿತ್ಸೆ ಶುರುವಾಯಿತು. ಮಗುವಿನ ಕೂದಲು ಉದುರಿತು, ತುತ್ತು ಅನ್ನ ಒಳಗೆ ಹೋಗಲಿಲ್ಲ. ಅಪ್ಪನ ಕರುಳು ಚುರುಕ್ ಎನ್ನದೇ ಇರುತ್ತದೆಯೇ? ಅಷ್ಟರಲ್ಲಿ ಗಿರಣಿಗೆ ಬಂದ ದಲಾಲಿಯೊಬ್ಬ, "ಸಾವ್ಕಾರ್ರ, ಆ ಕೆಮಿಕಲ್ ಯಾಕ ಹಾಕಸ್ತೀರಿ? ಕಾಶಿ ಕಣಗಿಲೆ ಒಳಗ ಇದಕ್ಕ ಔಷಧ ಐತಂತ!" ಅಂದ.

ನೋಡಿ, ದಲಾಲಿ ಹೇಳಿದ್ದು ಸುಳ್ಳಲ್ಲ. ಇನ್ನೊಮ್ಮೆ ಹೇಳುತ್ತೇನೆ, ಸುಳ್ಳಲ್ಲ! ಆದರೆ ಸಾಹುಕಾರನ ಕಿವಿಗೆ ಬಿದ್ದದ್ದೇನು? ಶಿವನಿಗೆ ಏರಿಸುವ ಕಣಗಿಲೆ, ಅದೂ ಕಾಶಿಯದು! ಇನ್ನೇನು ಬೇಕು? ವಿಮಾನ ಹತ್ತಿದ. ಗಂಗೆಯಲ್ಲಿ ಮುಳುಗಿದ. ಗುಡಿಯೊಂದರ ಹಿತ್ತಲಲ್ಲಿದ್ದ ಕಣಗಿಲೆ ಸೊಪ್ಪನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಹಸುಗೂಸನ್ನು ಹಿಡಿದಂತೆ ಎದೆಗವಚಿ ತಂದ. ಕಷಾಯ ಕಾಸಿ, ಥರ್ಮಾಸಿಗೆ ಹಾಕಿ, ಉಳಿದ ಸೊಪ್ಪನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಓಡಿದ. ಅವನ ಸಂತೋಷ ಏನು ಹೇಳಲಿ! ಮೆಟ್ಟಿಲು ಹತ್ತುವಾಗಲೇ ಮಗಳು ಲಂಗ ಎತ್ತಿ ಹಿಡಿದು ಅಂಗಳದಲ್ಲಿ ಓಡುವುದು ಅವನ ಕಣ್ಣಿಗೆ ಕಾಣುತ್ತಿತ್ತು.

ಲೋಟ ಮಗುವಿನ ತುಟಿಯ ಹತ್ತಿರ ಬಂತು. "ಕುಡಿ ನನ್ನವ್ವ, ವಿಶ್ವನಾಥನ ಪ್ರಸಾದ ಇದು."

ಹೆಂಡತಿ ಲೋಟದ ಮೇಲೆ ಕೈಯಿಟ್ಟಳು. "ತಡೀರಿ. ಡಾಕ್ಟರಿಗೆ ಒಂದ್ ಮಾತು ಕೇಳೂಣು."

"ಅವರನ್ನೇನ್ ಕೇಳೂದು? ಬ್ಯಾಡ ಅಂತಾರ. ಮೊದಲ ಈ ಕೆಮಿಕಲ್ ಬಾಟ್ಲಿ ಬಿಚ್ಚಸ್ತೀನಿ ನೋಡ!"

"ಬ್ಯಾಡ ಅಂದ್ರ ಯಾಕ ಬ್ಯಾಡ ಅಂತ ಕೇಳೂಣು. ಕೇಳಿದ್ರ ನಿಮ್ಮ ಗಂಟೇನ್ ಹೋಗತೈತಿ?"

ಗಂಡ ಹೆಂಡಿರ ಜಗಳ ಕೇಳಿ ಡಾಕ್ಟರಮ್ಮ ಒಳಗೆ ಬಂದರು. ಸೊಪ್ಪು ಕಂಡದ್ದೇ ಅವರ ಮುಖ ಬಿಳಿಚಿಕೊಂಡಿತು. "ಕುಡಿಸಿದ್ರೇನು?"

"ಇನ್ನೂ ಇಲ್ರಿ," ಅಂದಳು ಹೆಂಡತಿ.

"ಪುಣ್ಯಾ ಬಂತು! ಇದು ಕಣಗಿಲೆ, ವಿಷ. ಮಗುವಿನ ಎದಿ ಬಡಿತಾನ ನಿಂದ್ರತಿತ್ತು."

"ಅಲ್ರೀ, ಕಾಶಿಗೇ ಹೋಗಿ ತಂದೀನಿ!" ಸಾಹುಕಾರ ಸೊಪ್ಪನ್ನು ಮುಂದೆ ಚಾಚಿದ.

"ಅಯ್ಯ ಸಾವ್ಕಾರ್ರ, ಕಾಶಿ ಕಣಗಿಲೆ ಅಂದ್ರ ಕಾಶಿಯೊಳಗಿನ ಕಣಗಿಲೆ ಅಲ್ರೀ! ಅದು ಬ್ಯಾರೆ ಗಿಡ. ಅಂಗಳದಾಗ ವರ್ಷಪೂರ್ತಿ ಹೂ ಬಿಡತೈತಲ್ಲ, ನಿತ್ಯಪುಷ್ಪ, ಅದು. ಅದನ್ನೂ ಹಂಗ ಕುದಿಸಿ ಕುಡಿಸಬಾರದು."

"ಮತ್ತ ಅದರಾಗ ಔಷಧ ಐತಿ ಅಂದದ್ದು?"

"ಐತಿ!" ಡಾಕ್ಟರಮ್ಮ ಮಗುವಿನ ತಲೆಯ ಮೇಲೆ ತೂಗುತ್ತಿದ್ದ ಬಾಟಲಿಗೆ ಬೆರಳು ತೋರಿಸಿದರು. "ಆ ಗಿಡದಿಂದನ ತೆಗೆದದ್ದು. ಶುದ್ಧ ಮಾಡಿ, ಮಗುವಿನ ಮೈ ನೋಡಿ, ಅಳತಿ ಹಾಕಿ ಕೊಡಾಕತ್ತೀವಿ. ನೀವು ಬಿಚ್ಚಸ್ತೀನಿ ಅಂದ್ರಲ್ಲ, ಅದ ಇದು!"

ಅಬ್ಬಾ! ಯಾವುದಕ್ಕಾಗಿ ಕಾಶಿಗೆ ಓಡಿದ್ದನೋ ಅದು ಆಗಲೇ ಮಗಳ ರಕ್ತದೊಳಗೆ ಹನಿ ಹನಿಯಾಗಿ ಇಳಿಯುತ್ತಿದೆ! ಸಾಹುಕಾರ ಮಂಚದ ಕಾಲು ಹಿಡಿದು ಕುಸಿದು ಕೂತ. ಗಂಡಸು, ಎಲ್ಲರೆದುರಿಗೆ ಗೊಳೋ ಎಂದು ಅತ್ತ. ಹೆಂಡತಿ ಲೋಟವನ್ನು ಒಯ್ದು ಮೋರಿಗೆ ಚೆಲ್ಲಿ ಬಂದಳು.

ನಗುತ್ತಿದ್ದೀರಿ. ನಗಿ, ಬೇಡ ಅನ್ನುವುದಿಲ್ಲ. ಆದರೆ ಮೊಬೈಲಿನಲ್ಲಿ ಬಂದದ್ದನ್ನು ನಂಬಿ, ಎಲೆ ಅರೆದು, ರೋಗಿಗೆ ಕುಡಿಸಿ, ಡಾಕ್ಟರ ಮುಂದೆ ಬಾಯಿ ಮುಚ್ಚಿಕೊಂಡು ಕೂರುವವರು ಇಲ್ಲಿ ಎಷ್ಟು ಮಂದಿ ಇದ್ದೀರಿ? ಈಗ ಯಾಕೆ ತಲೆ ತಗ್ಗಿಸಿದಿರಿ? ಗಿಡದಲ್ಲಿ ಭಗವಂತನ ಕೃಪೆ ಇದೆ, ನಾನೂ ಸಾವಿರ ಸಲ ಹೇಳುತ್ತೇನೆ. ಅದನ್ನು ಹುಡುಕಿ, ಸೋಸಿ, ಅಳೆದು ಕೊಡುವ ಬುದ್ಧಿ ಕೊಟ್ಟವನು ಬೇರೆ ಯಾರೋ ಏನು?

ಇವತ್ತು ಮನೆಗೆ ಹೋದವರೇ ಅಡುಗೆಮನೆಯಲ್ಲಿ ಮುಚ್ಚಿಟ್ಟ ಬೇರು, ಪುಡಿ, ಕಷಾಯ ಎಲ್ಲ ಚೀಲಕ್ಕೆ ಹಾಕಿ. ನಾಳೆ ಡಾಕ್ಟರ ಮೇಜಿನ ಮೇಲಿಟ್ಟು, "ಇದನ್ನೂ ಕೊಡುತ್ತಿದ್ದೇವೆ, ಕೊಡಬಹುದೇ?" ಎಂದು ಬಾಯಿಬಿಟ್ಟು ಕೇಳಿ. ಬೈದರೆ ಬೈಸಿಕೊಳ್ಳಿ. ಬೈಸಿಕೊಂಡು ನೀವು ಸಾಯುವುದಿಲ್ಲ. ನೀವು ಮುಚ್ಚಿಟ್ಟರೆ ಸಾಯುವುದು ನಿಮ್ಮ ಮಗು.